ಯುವ ಸಮಿತಿಗೆ ಕುರ್ಚಿ ಕೊಟ್ಟರಷ್ಟೇ ಸಾಲದು

ಮಾನ್ಯರೇ,

ಯುವಜನರ ಆರೋಗ್ಯ ನೀತಿಗಳಲ್ಲಿ 'ಸಹಭಾಗಿತ್ವ' ಎಂಬ ಅಧ್ಯಾಯ ಇದ್ದೇ ಇರುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಾತಾಡುವ ಹಕ್ಕನ್ನು ಮಕ್ಕಳಿಗೆ ಕೊಟ್ಟಿದೆ. ಎಡವುವುದು ಜಾರಿಯಲ್ಲಿ. ನೀತಿಯ ಬಗ್ಗೆ ಯುವಜನರ ಸಲಹೆ ಕೇಳಲೆಂದು ರಚಿಸುವ ಯುವ ಸಮಿತಿಯ ಸಭೆ ತರಗತಿಯ ಹೊತ್ತಿಗೇ ನಿಗದಿಯಾಗುತ್ತದೆ. ನೀತಿಯ ಕರಡು ಕೈಸೇರುವುದು ಹಿಂದಿನ ರಾತ್ರಿ, ಅದೂ ಕಚೇರಿ ಭಾಷೆಯಲ್ಲಿ. ಪ್ರಯಾಣದ ಖರ್ಚನ್ನು ಮೊದಲು ಸದಸ್ಯರೇ ಹಾಕಿಕೊಳ್ಳಬೇಕು. ಹೀಗಾದಾಗ ಅನುಕೂಲಸ್ಥರ ಮಕ್ಕಳಷ್ಟೇ ಬರುತ್ತಾರೆ. ಓದು ಬಿಟ್ಟು ದುಡಿಯುವವರು, ಅಂಗವಿಕಲರು ಹೊರಗುಳಿಯುತ್ತಾರೆ.

ಬಜೆಟ್ ಅಂತಿಮಗೊಳ್ಳುವ ಮೊದಲೇ ಸಮಿತಿ ಸಭೆ ಸೇರಬೇಕು. ಕರಡನ್ನು ಎರಡು ವಾರ ಮುಂಚೆ ಸರಳ ಭಾಷೆಯಲ್ಲಿ ಕೊಡಬೇಕು. ಪ್ರತಿ ಸಲಹೆಗೂ 30 ದಿನದೊಳಗೆ ಒಪ್ಪಿದ್ದೇವೆ ಅಥವಾ ಇಲ್ಲ ಎಂದು ಕಾರಣಸಹಿತ ಲಿಖಿತ ಉತ್ತರ ಬರಬೇಕು. ಈ ಉತ್ತರವಿಲ್ಲದ ಸಮಿತಿ ಫೋಟೊಗಷ್ಟೇ ಸರಿ.

ಚಿಕಿತ್ಸಾಲಯಗಳದ್ದೂ ಇದೇ ಪಾಡು. ಬಂದ ಕಾರಣವನ್ನು ಸರತಿ ಸಾಲಿನಲ್ಲೇ ಗಟ್ಟಿಯಾಗಿ ಕೇಳಿದರೆ ಹದಿಹರೆಯದವರು ಮತ್ತೆ ಆ ಕಡೆ ಸುಳಿಯುವುದಿಲ್ಲ. ನೋಂದಣಿಯಲ್ಲಿ ಹೆಸರು, ವಯಸ್ಸು ಸಾಕು. ಉಳಿದದ್ದು ಬಾಗಿಲು ಮುಚ್ಚಿದ ಕೋಣೆಯಲ್ಲಿ. ಸಂಜೆ ಎರಡು ಗಂಟೆಗಳ ಕಾಲ ಚಿಕಿತ್ಸಾಲಯ ತೆರೆದಿರಲಿ.

ಆರೋಗ್ಯದ ಅಂಕಿಅಂಶಗಳನ್ನು 10–14, 15–19, 20–24 ವರ್ಷದವರು ಎಂದು ವಯಸ್ಸಿನಂತೆಯೂ ಲಿಂಗವಾರು ಕೂಡ ಬೇರ್ಪಡಿಸಬೇಕು. ಹನ್ನೊಂದರ ಬಾಲಕಿಯನ್ನೂ ಇಪ್ಪತ್ತಮೂರರ ಯುವಕನನ್ನೂ ಒಂದೇ ಸರಾಸರಿಗೆ ಸೇರಿಸಿದರೆ ಇಬ್ಬರ ಸಮಸ್ಯೆಯೂ ಕಾಣುವುದಿಲ್ಲ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಿನ ದೈಹಿಕ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪರೀಕ್ಷೆ ಹತ್ತಿರವಾದೊಡನೆ ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಶಾಲೆಗಳನ್ನು ಸರ್ಕಾರ ಮೊದಲು ತಡೆಯಲಿ. ಅದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ, ಸುತ್ತೋಲೆ ಮತ್ತು ತಪಾಸಣೆ ಸಾಕು.

— ಯುವ ಆರೋಗ್ಯ ಕ್ಷೇತ್ರದ ಕಾರ್ಯಕರ್ತರು