ಓಣಿಯ ಲೆವೆಲ್ ತೆಗೆದುಕೊಟ್ಟವರಿಗೆ

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಸ್ಟೇನಬಲ್ ಅರ್ಬನ್ ಡಿಸೈನ್ (ಬಾಳಿಕೆಯ ನಗರ ವಿನ್ಯಾಸ) ಮಾಸ್ಟರ್ಸ್ ಮುಗಿಯಿತು. ಎರಡು ವರ್ಷ, 120 ಕ್ರೆಡಿಟ್. ಕಡೆಯ ಪ್ರಬಂಧ ರಾಯಚೂರಿನ ಹಳೇ ಊರಿನ ಒಂದು ಓಣಿಯ ಮಳೆನೀರಿನ ಮೇಲೆ. ಸುದ್ದಿ ನಿಮಗೆಲ್ಲ ಆಗಲೇ ಮುಟ್ಟಿದೆ, ಅದನ್ನು ಮತ್ತೆ ಹೇಳುವುದಿಲ್ಲ. ಯಾರ ಋಣ ಎಷ್ಟು ಅಂತ ಬರೆದಿಡಬೇಕು, ಅದಕ್ಕೆ ಈ ನಾಲ್ಕು ಮಾತು.

ಫೀಸಿಗಾಗಿ ಹೊಲದ ಪತ್ರ ಬ್ಯಾಂಕಿಗಿಟ್ಟ ಅಪ್ಪ, ಶೇಂಗಾ ಹಿಂಡಿ ಕಟ್ಟಿ ಕಳಿಸಿದ ಅವ್ವ ಮತ್ತು ಚಿಗವ್ವ, ಡಿಸೆಂಬರಿನ ಏಳು ತಾಸಿನ ಹಗಲಿನಲ್ಲಿ ಜೊತೆಗಿದ್ದ ರೂಮಿನ ಗೆಳತಿಯರು, ಅರ್ಜಿಗೆ ಲಗತ್ತಿಸುವ ಕೆಲಸಗಳ ಸಂಗ್ರಹವಾದ ಪೋರ್ಟ್‌ಫೋಲಿಯೊದಲ್ಲಿದ್ದ ಚೆಂದದ ಚಿತ್ರಗಳನ್ನು ಅರ್ಧಕ್ಕರ್ಧ ತೆಗೆಸಿ ಆ ಜಾಗದಲ್ಲಿ ಅಳತೆ ಬರೆದ ಸೆಕ್ಷನ್ (ಸೀಳಿ ನೋಡಿದಂತೆ ಬರೆದ ಅಡ್ಡಕೊಯ್ತದ ಚಿತ್ರ) ಹಾಕಿಸಿದ ಬಳ್ಳಾರಿಯ ಸೀನಿಯರ್ ಅಕ್ಕ, ನಿಮಗೆಲ್ಲ ಶರಣು. (ಅರ್ಜಿ ಹಾಕುವ ತಂಗಿ ತಮ್ಮಂದಿರೇ, ಆ ಅಕ್ಕನ ಮಾತು ಕೇಳಿ. ಅರ್ಜಿಯ ಗಡುವು ಜನವರಿ ನಡುವಿಗೆ ಬರುತ್ತದೆ, ಪೋರ್ಟ್‌ಫೋಲಿಯೊ ದಸರೆಗೇ ಶುರುವಾಗಬೇಕು.)

ಮಾಲ್ಮೊ ಊರಿನ ಆಗಸ್ಟೆನ್‌ಬೋರ್ಗ್ ಬಡಾವಣೆಯನ್ನು ತೋರಿಸಿ ಪಾಠ ಮಾಡಿದ ಗುರುಗಳಿಗೂ ಋಣಿ. ಅಲ್ಲಿ ಮಳೆನೀರು, ಮನೆಬಳಕೆಯ ನೀರು ಒಂದೇ ಪೈಪಿನಲ್ಲಿ ಹರಿದು, ಮಳೆ ಜೋರಾದಾಗ ನೆಲಮಾಳಿಗೆಗಳಿಗೆ ನುಗ್ಗುತ್ತಿತ್ತು. 1998ರಲ್ಲಿ ಶುರುವಾದ ಕೆಲಸದಲ್ಲಿ ಮಳೆನೀರನ್ನು ಪೈಪಿನಿಂದ ಬಿಡಿಸಿ ನೆಲದ ಮೇಲೆ ತಂದರು. ಸುಮಾರು 6 ಕಿಲೋಮೀಟರ್ ತೆರೆದ ಕಾಲುವೆ, 10 ಹೊಂಡ, ಛಾವಣಿಗಳ ಮೇಲೆ ಹಸಿರು. 2014ರ ಆಗಸ್ಟ್ 31ರಂದು ಮಾಲ್ಮೊದಲ್ಲಿ ಕೆಲವೇ ತಾಸಿನಲ್ಲಿ ಸುಮಾರು 100 ಮಿ.ಮೀ. ಮಳೆ ಸುರಿದಾಗ ಈ ಬಡಾವಣೆಗೆ ಸುತ್ತಲಿನವುಗಳಿಗಿಂತ ಬಹಳ ಕಡಿಮೆ ಹಾನಿಯಾಯಿತು.

ಆದರೆ ಅದನ್ನು ಎತ್ತಿಕೊಂಡು ಬಂದು ರಾಯಚೂರಿನಲ್ಲಿ ಹಾಗೇ ಇಡಲು ಬರುವುದಿಲ್ಲ. ವರ್ಷದ ಮಳೆ ಎರಡೂ ಊರಿಗೆ ಹೆಚ್ಚುಕಡಿಮೆ ಒಂದೇ, 600ರಿಂದ 700 ಮಿ.ಮೀ. ಅಲ್ಲಿ ಅದು ಹನ್ನೆರಡು ತಿಂಗಳಿಗೆ ಹಂಚಿ ಬೀಳುತ್ತದೆ. ನಮ್ಮಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರಿನೊಳಗೆ, ಅದೂ ಕೆಲವೇ ದಿನಗಳಲ್ಲಿ. ತಾಸಿಗೆ 60 ಮಿ.ಮೀ. ರಭಸದ ಮಳೆಗೆ, ಪೂರ್ತಿ ಸಿಮೆಂಟಾದ ಒಂದು ಹೆಕ್ಟೇರಿನಿಂದ ಸೆಕೆಂಡಿಗೆ ಸುಮಾರು 150 ಲೀಟರ್ ನೀರು ಹೊರಡುತ್ತದೆ. ಇಂಗಿಸೋಣ ಎಂದರೆ ನಮ್ಮ ಓಣಿಯ ಕೆಳಗಿರುವುದು ಎರೆಮಣ್ಣು. ಬೇಸಿಗೆಯಲ್ಲಿ ಬಿರಿದ ನೆಲ ಮೊದಲ ಮಳೆಯನ್ನು ಗಟಗಟ ಕುಡಿಯುತ್ತದೆ, ಆಮೇಲೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಗೋಡೆಗೆ ಹತ್ತಿ ಇಂಗುಗುಂಡಿ ತೋಡಿದರೆ ಬುನಾದಿಯ ಮಣ್ಣು ಉಬ್ಬಿ ಕುಗ್ಗಿ ಗೋಡೆ ಸೀಳುತ್ತದೆ. ಆದ್ದರಿಂದ ಇಲ್ಲಿ ಮೊದಲು ಹಿಡಿದಿಡಬೇಕು, ಮಿಕ್ಕದ್ದನ್ನು ಹರಿಯಬಿಡಬೇಕು. 100 ಚದರ ಮೀಟರ್ ಮಾಳಿಗೆ, 40 ಮಿ.ಮೀ. ಮಳೆ, ಸೋರಿಕೆ ಆವಿ ಕಳೆದು ಕೈಗೆ 3,200 ಲೀಟರ್. ಮೊದಲ 200 ಲೀಟರ್ ಧೂಳು ತೊಳೆದ ನೀರು, ಅದನ್ನು ಹೊರಗೆ ಬಿಡಬೇಕು.

ಹರಿಯಬಿಡಲು ಇಳಿಜಾರು ಬೇಕು. ಅಲ್ಲೇ ಎಡವಿದ್ದು.

ಓಣಿಯ ಅಗಲ 4 ಮೀಟರ್. ನಾನು ನಂಬಿದ್ದ ಉಪಗ್ರಹದ ಎತ್ತರದ ನಕ್ಷೆಯಲ್ಲಿ ಒಂದು ಚೌಕವೇ 30 ಮೀಟರ್. ಓಣಿ, ಎರಡೂ ಬದಿಯ ಮಾಳಿಗೆ, ಬೇವಿನ ಗಿಡ, ಎಲ್ಲ ಸೇರಿ ಒಂದೇ ಅಂಕೆ. ಪ್ರಬಂಧ ಮಂಡನೆಗೆ ಎರಡು ದಿನ ಉಳಿದಾಗ ಸೆಕ್ಷನ್ ಎಳೆದು ನೋಡಿದರೆ ನಾನು ಯೋಜಿಸಿದ ಚರಂಡಿ ಏರು ಹತ್ತುತ್ತಿತ್ತು. ಆರು ತಿಂಗಳ ಕೆಲಸ. ಕೈಕಾಲು ತಣ್ಣಗಾದವು. ಊರಿಗೆ ಮರಳಿ ಅಪ್ಪನ ಮುಖ ಹೇಗೆ ನೋಡಲಿ ಅನ್ನುವುದೊಂದೇ ತಲೆಯಲ್ಲಿ.

ಫೋನ್ ಎತ್ತಿದ್ದು ಸೋದರಮಾವ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಲೆವೆಲ್, ಅಂದರೆ ನೆಲದ ಏರಿಳಿತ, ನೋಡುತ್ತಲೇ ಕೂದಲು ಹಣ್ಣಾದವರು. ರಾಯಚೂರಿನಲ್ಲಿ ಆಗ ರಾತ್ರಿ ಹನ್ನೊಂದೂವರೆ. ಅಳಬೇಡ ಅನ್ನಲಿಲ್ಲ. "ನೋಡವಾ, ಮಳಿ ಬಂದಾಗ ನೀರು ಯಾರ ಕಟ್ಟಿ ಮುಂದ ನಿಲ್ತದ ಅಂತ ನಿಮ್ಮತ್ತಿಗಿ ಗೊತ್ತದ, ಬರಕೋ" ಅಂದರು. ಅತ್ತೆ ಒಂದೊಂದೇ ಮನೆ ಹೇಳುತ್ತಾ ಹೋದರು. ಮಾವ ಬೆಳಗಿನವರೆಗೆ ಫೋನ್ ಇಡಲಿಲ್ಲ.

ಐದೂವರೆಗೆ ಇಬ್ಬರೂ ಲೆವೆಲ್ ಪೈಪು ಹಿಡಿದು ಓಣಿಗಿಳಿದರು. 12 ಮೀಟರ್ ಉದ್ದದ ಪಾರದರ್ಶಕ ಪೈಪು, ಎರಡು ಟೇಪು, ಗುರುತಿಗೆ ಕೆಮ್ಮಣ್ಣು. ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅಲ್ಲಿಂದ ನೆಲಕ್ಕೆ ಟೇಪು ಹಿಡಿದರೆ ಏರಿಳಿತ ಗೊತ್ತಾಗುತ್ತದೆ. ಕೊಡದಿಂದ ನಿಧಾನಕ್ಕೆ ನೀರು ಎಳೆಸಬೇಕು, ಅವಸರ ಮಾಡಿದರೆ ಗುಳ್ಳೆ ಉಳಿಯುತ್ತದೆ. ಒಂದು ಗುಳ್ಳೆ ಸಾಕು, ಸೆಂಟಿಮೀಟರುಗಟ್ಟಲೆ ತಪ್ಪುತ್ತದೆ. ಅಳೆಯುವ ಮುಂಚೆ ಎರಡೂ ತುದಿ ಒಂದಕ್ಕೊಂದು ಹಚ್ಚಿ ನೀರು ಸಮ ನಿಂತಿದೆಯಾ ನೋಡಬೇಕು. ನೀರು ಚೆಲ್ಲದಂತೆ ತುದಿಗೆ ಒತ್ತಿದ ಹೆಬ್ಬೆರಳನ್ನು ಓದುವಾಗ ಎರಡೂ ಕಡೆ ತೆಗೆದಿರಬೇಕು. ಬಿಸಿಲೇರುವ ಮುಂಚೆಯೇ ಯಾಕೆಂದರೆ, ಪೈಪಿನ ಒಂದು ತುದಿ ಬಿಸಿಲಿಗೆ, ಇನ್ನೊಂದು ನೆರಳಿಗೆ ಬಿದ್ದರೆ ಬೆಚ್ಚಗಾದ ನೀರು ಕೆಲವು ಮಿ.ಮೀ. ಮೇಲೇರುತ್ತದೆ. 280 ಮೀಟರ್ ಓಣಿ, 10 ಮೀಟರಿಗೊಂದರಂತೆ 29 ಬಿಂದು. ಮಾವ ಅಂಕೆ ಕೂಗುತ್ತಿದ್ದರು, ಫೋನಿನ ಈ ತುದಿಯಲ್ಲಿ ನಾನು ಬರೆದುಕೊಳ್ಳುತ್ತಿದ್ದೆ. ಮುಗಿದ ಮೇಲೆ ಅಳೆಯುತ್ತಲೇ ಹೊರಟ ಜಾಗಕ್ಕೆ ವಾಪಸ್ ಬಂದರು. ಹೊರಟಾಗಿನ ಅಂಕೆಗೂ ಮರಳಿದಾಗಿನ ಅಂಕೆಗೂ ವ್ಯತ್ಯಾಸ ಬರೀ 8 ಮಿ.ಮೀ. ಅತ್ತೆಯ ಮಂಡಿನೋವು ಗೊತ್ತಿದ್ದವರಿಗೆ ಅಷ್ಟು ಸಲದ ಬಗ್ಗುವಿಕೆ ಎಂಥದ್ದು ಅಂತ ನಾನು ಹೇಳಬೇಕಿಲ್ಲ.

ಓಣಿಯ ಒಟ್ಟು ಇಳುಕಲು 1.12 ಮೀಟರ್. ನಡುವೆ 13ರಿಂದ 15ನೇ ಬಿಂದುವಿನ ತನಕ 9 ಸೆಂ.ಮೀ. ತಗ್ಗು, ರಾತ್ರಿ ಅತ್ತೆ ಹೇಳಿದ ಅದೇ ಮೂರು ಮನೆಗಳ ಮುಂದೆ. ಚರಂಡಿಯ ತಳ 250ಕ್ಕೆ 1ರ ಇಳಿಜಾರಿಗೆ, ಅಂದರೆ 10 ಮೀಟರಿಗೆ 4 ಸೆಂ.ಮೀ.ಗೆ, ಸರಿಯಾಗಿ ಕೂತಿತು. ತಳವನ್ನು ಅಗಲವಾಗಿಡದೆ ಕಿರಿದು ಮಾಡಿದ್ದೂ ಮಾವನ ಮಾತಿಗೇ. ಅಗಲ ತಳದಲ್ಲಿ ಸಣ್ಣ ಹರಿವು ಹರಡಿ ನಿಧಾನವಾಗುತ್ತದೆ, ಹೂಳು ಅಲ್ಲೇ ಕೂರುತ್ತದೆ. ಕಾಲುವೆ ಅವರಿಗೆ ಕಲಿಸಿದ್ದನ್ನು ಅವರು ನನಗೆ ದಾಟಿಸಿದರು.

ಮಾವಾ, ಅತ್ತೀ, ಆ ರಾತ್ರಿಗೆ ಥ್ಯಾಂಕ್ಸ್ ಅನ್ನುವ ಮಾತು ಸಾಲದು. ಪ್ರಬಂಧದ ಮೊದಲ ಪುಟದಲ್ಲಿ ನಿಮ್ಮಿಬ್ಬರ ಹೆಸರಿದೆ.

29 ಬಿಂದುಗಳ ಹಾಳೆ ಓಣಿಯ ಪ್ರತಿ ಮನೆಗೂ ಒಂದೊಂದು ಕೊಡುತ್ತೇನೆ, ಹೊಸ ಕಟ್ಟೆ ಕಟ್ಟುವವರು ಅದನ್ನು ನೋಡಿ ಮಟ್ಟ ಹಿಡಿಯಬಹುದು. ಪೈಪು ಮಾವನ ಪಡಸಾಲೆಯ ಗೂಟದಲ್ಲಿ ತೂಗುತ್ತಿದೆ. ಬೇರೆ ಓಣಿಯವರು ಯಾರು ಬೇಕಾದರೂ ಒಯ್ಯಿರಿ, ತಿರುಗಿ ಕೊಡುವಾಗ ನೀರು ಪೂರ್ತಿ ಬಸಿದು ಕೊಡಿ, ಪಾಚಿ ಕಟ್ಟಿದರೆ ನೀರಿನ ಮಟ್ಟ ಕಾಣುವುದಿಲ್ಲ.