ಅರ್ಸ್ಟ್‌ವೈಲ್: ಮುಂದಿನ ಪದ ನೋಡಿ ಹಚ್ಚು

ಕಲಬುರಗಿ

ಪ್ರೀತಿಯ ತಮ್ಮ,

ಸುರಪುರದ ಬಗ್ಗೆ ನೀನು ಇಂಗ್ಲಿಷಿನಲ್ಲಿ ಬರೆದ ಲೇಖನ ಓದಿದೆ. ಸರಕು ಗಟ್ಟಿ ಇದೆ. ಆದರೆ ‘ಅರ್ಸ್ಟ್‌ವೈಲ್’ (erstwhile) ಏಳು ಕಡೆ ಬಂದಿದೆ, ಸರಿಯಿರುವುದು ಮೂರೇ ಕಡೆ. ನಮ್ಮ ಭಾಗದ ಕಡತ, ಪತ್ರಿಕೆಗಳಲ್ಲಿ ‘ಅರ್ಸ್ಟ್‌ವೈಲ್ ಹೈದರಾಬಾದ್ ಸ್ಟೇಟ್’ ಓದಿ ಓದಿ, ‘ಹಳೇ’ ಅನ್ನುವುದಕ್ಕೆ ಇದೊಂದು ಠೀವಿಯ ಮಾತು ಅಂತ ಅನಿಸಿಬಿಡುತ್ತದೆ. ಅಲ್ಲ.

ಹಿಂದೊಮ್ಮೆ ಏನೋ ಆಗಿತ್ತು, ಈಗ ಅದಾಗಿ ಉಳಿದಿಲ್ಲ: ಇಷ್ಟೇ ಅದರ ಅರ್ಥ. ಉಳಿಯದೆ ಹೋದದ್ದು ಯಾವುದು ಅಂತ ತೋರಿಸುವುದು ಅದರ ಮುಂದೆ ನಿಲ್ಲುವ ನಾಮಪದ. ‘ಅರ್ಸ್ಟ್‌ವೈಲ್ ಸುರಪುರ ಸಂಸ್ಥಾನ’ ಸರಿ; 1858ರಲ್ಲಿ ಬಿದ್ದ ಸಂಸ್ಥಾನವನ್ನು 1860ರಲ್ಲಿ ಬ್ರಿಟಿಷರು ನಿಜಾಮರಿಗೆ ಕೊಟ್ಟರು. ಬರೀ ‘ಅರ್ಸ್ಟ್‌ವೈಲ್ ಸುರಪುರ’ ಅಂದರೆ ಊರೇ ಇಲ್ಲವಾಯಿತು ಅಂದಂತೆ. ಊರು ಗುಡ್ಡಗಳ ನಡುವೆ ಹಾಗೇ ಕೂತಿದೆಯಲ್ಲ! ‘ಅರ್ಸ್ಟ್‌ವೈಲ್ ಗುಲ್ಬರ್ಗ’ದ್ದೂ ಅದೇ ಕಥೆ. 2014ರ ನವೆಂಬರ್ 1ಕ್ಕೆ ಬದಲಾದದ್ದು ಹೆಸರು ಮಾತ್ರ, ಅಲ್ಲಿ ‘ಫಾರ್ಮರ್ಲಿ’ ಸಾಕು. ಇದೇ ಊರನ್ನು ಬಹಮನಿಗಳ ‘ಅರ್ಸ್ಟ್‌ವೈಲ್ ರಾಜಧಾನಿ’ ಅನ್ನು, ಯಾರೂ ತಕರಾರು ಮಾಡುವುದಿಲ್ಲ. ಆ ಪಟ್ಟ 15ನೇ ಶತಮಾನದಲ್ಲೇ ಬೀದರಿಗೆ ಹೋಯಿತು. ಯಾದಗಿರಿ ಇನ್ನೂ ಬೇರೆಯಾಗದ ಕಾಲದ ಗುಲ್ಬರ್ಗ ಜಿಲ್ಲೆಗೆ ಈ ಪದವೇ ಬೇಡ, ‘ಅಂಡಿವೈಡೆಡ್’ ಅಂತ ಬರಿ. ಕನ್ನಡದಲ್ಲೂ ‘ಅವಿಭಜಿತ’ ಅಂತಲೇ ಅನ್ನುತ್ತೇವೆ.

ನಿನ್ನ ದೊಡ್ಡ ತಪ್ಪು ಕಾಲದ್ದು. 1952ರ ಸಂಗತಿ ಹೇಳುತ್ತಾ ಹೈದರಾಬಾದ್ ರಾಜ್ಯದ ಬೂರ್ಗುಲ ರಾಮಕೃಷ್ಣ ರಾವ್ ಅವರನ್ನು ‘ಅರ್ಸ್ಟ್‌ವೈಲ್ ಚೀಫ್ ಮಿನಿಸ್ಟರ್’ ಎಂದಿದ್ದೀ. ಆ ವರ್ಷ ಅವರು ಅಧಿಕಾರದಲ್ಲೇ ಇದ್ದರು. ನಿನ್ನ ವಾಕ್ಯ ಓದಿದವರು, ಅಷ್ಟರೊಳಗೆ ಅವರು ಮಾಜಿ ಆಗಿದ್ದರು ಅಂದುಕೊಳ್ಳುತ್ತಾರೆ. ಅಲ್ಲಿ ಬೇಕಾದದ್ದು ‘ದ ದೆನ್’, ನಮ್ಮ ‘ಆಗಿನ’. ಅದೇ ಪುಟದಲ್ಲಿ ಹೈದರಾಬಾದ್ ರಾಜ್ಯ 1948ಕ್ಕೇ ಮುಗಿಯಿತು ಅಂತಲೂ ಬರೆದಿದ್ದೀ. ಸೆಪ್ಟೆಂಬರ್ 17ಕ್ಕೆ ಮುಗಿದದ್ದು ನಿಜಾಮರ ಆಳ್ವಿಕೆ. ರಾಜ್ಯ 1956ರ ನವೆಂಬರ್ 1ರವರೆಗೂ ಇತ್ತು.

ಮೂಲ ಗೊತ್ತಿದ್ದರೆ ಪದ ಕೈಗೆ ಹತ್ತುತ್ತದೆ. ಇದು ಲ್ಯಾಟಿನ್ ಅಲ್ಲ, ಅಚ್ಚ ಹಳೆಯ ಇಂಗ್ಲಿಷ್. ಬೇಗ, ಮುಂಚೆ ಎಂಬರ್ಥದ ‘ಏರ್’ಗೆ ‘ಎಲ್ಲಕ್ಕಿಂತ ಮುಂಚೆ’ ಎಂಬ ರೂಪ ‘ಏರೆಸ್ಟ್’, ಅದು ಸವೆದು ‘ಅರ್ಸ್ಟ್’ ಆಯಿತು. ಜರ್ಮನ್ನಿನಲ್ಲಿ ‘ಮೊದಲ’ ಅನ್ನಲು ಇವತ್ತಿಗೂ ಬಳಕೆಯಲ್ಲಿರುವ ‘ಎರ್ಸ್ಟ್’ ಇದರ ದಾಯಾದಿ. ‘ವೈಲ್’ ಅಂದರೆ ಹೊತ್ತು. ಎರಡೂ ಸೇರಿ ‘ಮೊದಲಿನ ಹೊತ್ತು’. 16ನೇ ಶತಮಾನದಲ್ಲಿ ಅದು ಕ್ರಿಯಾವಿಶೇಷಣ, ನಮ್ಮ ‘ಮೊದಲೊಮ್ಮೆ’ಯ ಹಾಗೆ. ವಿಶೇಷಣವಾದದ್ದು ಬಹಳ ತಡವಾಗಿ.

ಜಾಗದ ವಿಷಯ ಚಿಕ್ಕದು: ನಾಮಪದಕ್ಕಿಂತ ಮೊದಲೇ ಇಡು. ‘ದ ಪ್ಯಾಲೇಸ್ ಈಸ್ ಅರ್ಸ್ಟ್‌ವೈಲ್’ ಅನ್ನುವ ವಾಕ್ಯ ಇಲ್ಲ. ‘ಅರ್ಸ್ಟ್‌ವೈಲ್ ಫಾರ್ಮರ್’ (former) ಅಂದರೆ ಒಂದೇ ಮಾತು ಎರಡು ಸಲ. ತೀರಿಕೊಂಡವರಿಗೆ ‘ಲೇಟ್’, ಅರ್ಸ್ಟ್‌ವೈಲ್ ಗೆಳೆಯ ಬದುಕೇ ಇದ್ದಾನು, ಗೆಳೆತನ ಮುಗಿದಿದೆ ಅಷ್ಟೇ. ಇನ್ನೊಂದು, ಬ್ರಿಟನ್, ಅಮೆರಿಕದ ಓದುಗರಿಗೆ ಇದು ನಮ್ಮಷ್ಟು ರೂಢಿಯ ಪದವಲ್ಲ, ಹಳೆಗಾಲದ ಡೌಲು ಕಾಣುತ್ತದೆ. ಒಂದು ಲೇಖನಕ್ಕೆ ಒಂದೆರಡು ಸಲ ಸಾಕು.

ಕನ್ನಡಕ್ಕೆ ತರುವಾಗ ಒಂದೇ ಪದಕ್ಕೆ ಜೋತುಬೀಳಬೇಡ. ಹುದ್ದೆಗೆ ‘ಮಾಜಿ’, ಅರಬ್ಬಿಯಿಂದ ಬಂದದ್ದು, ಉರ್ದು ವ್ಯಾಕರಣದಲ್ಲಿ ಭೂತಕಾಲಕ್ಕೂ ಇದೇ ಹೆಸರು. ರಾಜ್ಯಕ್ಕೆ ‘ಹಿಂದಿನ’. ‘ಮಾಜಿ ಹೈದರಾಬಾದ್’ ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ನಕ್ಕಾರು.

ತಪ್ಪಿದ ನಾಲ್ಕು ಕಡೆ ಪೆನ್ಸಿಲ್ ಗೆರೆ ಎಳೆದಿದ್ದೇನೆ. ಪ್ರತಿಯೊಂದರಲ್ಲೂ ಪದದ ಮುಂದಿನ ನಾಮಪದಕ್ಕೆ ಬೆರಳಿಟ್ಟು ‘ಇದು ಈಗ ಇದೆಯೋ ಇಲ್ಲವೋ’ ಅಂತ ಕೇಳಿ, ತಿದ್ದಿ ಕಳಿಸು. ಕಾಗುಣಿತದಲ್ಲಿ ಮೊದಲ ‘ಇ’ (e) ಆದಮೇಲೆ ‘ಎ’ (a) ಅಕ್ಷರ ತುರುಕಿದ್ದೀ, ಅದನ್ನೂ ತೆಗೆ.

ನಿನ್ನ ಅಣ್ಣ