ನಾಯಿ ಇರುವ ಮನೆಗಳ ಬೇಲಿ ಕೆಲಸ: ಹಬ್ಬದ ನಂತರ ಹೊಸ ಪದ್ಧತಿ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಗಣೇಶ ಹಬ್ಬ ಕಳೆದ ಮೇಲೆ ಒಪ್ಪಿಕೊಳ್ಳುವ ಕೆಲಸಗಳಲ್ಲಿ ಒಂದು ಬದಲಾವಣೆ ಮಾಡುತ್ತಿದ್ದೇವೆ. ನಾಯಿ ಸಾಕಿರುವ ಮನೆಯಾದರೆ, ಫೋನಿನಲ್ಲಿ ಅಳತೆ ಕೇಳಿ ಅಡಿಗೆ ಇಷ್ಟು ಎಂದು ದರ ಹೇಳುವುದಿಲ್ಲ. ಮೊದಲು ಬಂದು ಹಿತ್ತಲು ನೋಡುತ್ತೇವೆ, ನಾಯಿಯನ್ನೂ ನೋಡುತ್ತೇವೆ. ದರದ ಮಾತು ಆಮೇಲೆ. ಬೇಲಿಯ ಬುಡದಲ್ಲಿ ಮಣ್ಣಿನೊಳಗೆ ಜಾಲರಿ ಹಾಸುವುದು ಇನ್ನು ಮುಂದೆ ಕೆಲಸದ ಭಾಗವೇ ಆಗಿರುತ್ತದೆ. ಇಂಥ ಮನೆಗಳಿಗೆ ಮುಳ್ಳುತಂತಿ ಹಾಕುವುದಿಲ್ಲ. ಖರ್ಚು ಸ್ವಲ್ಪ ಏರುತ್ತದೆ, ಹಾಗಾಗಿ ಕಾರಣವನ್ನು ಬಿಡಿಸಿ ಹೇಳಬೇಕು.

ನಮ್ಮ ಮಲೆನಾಡಿನಲ್ಲಿ ಬೇಲಿ ಕಟ್ಟುವುದು ದನ ಒಳಗೆ ನುಗ್ಗದಿರಲಿ ಅಂತ. ಕಲ್ಲುಕಂಬ, ನಾಲ್ಕೈದು ಎಳೆ ಮುಳ್ಳುತಂತಿ, ದಾರಿಗೊಂದು ದಣಪೆ, ಅಂದರೆ ಅಡ್ಡಗಳು ಸರಿಸಿ ದಾಟುವ ಬಾಗಿಲು. ಹಸುವಿಗೆ ಅಷ್ಟು ಸಾಕು. ನಾಯಿ ಎರಡು ಎಳೆಗಳ ನಡುವೆ ನುಸುಳುತ್ತದೆ, ದಣಪೆಯ ಕೆಳಗೆ ಆರಾಮಾಗಿ ದಾಟುತ್ತದೆ. ನುಸುಳುವಾಗ ಬೆನ್ನು ಗೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಆ ಗಾಯಕ್ಕೆ ನೊಣ ಕೂತು ಹುಳ ಬಿದ್ದರೆ ಎಷ್ಟು ಕಷ್ಟ ಅಂತ ನಾಯಿ ಸಾಕಿದವರಿಗೆ ಗೊತ್ತು.

ಹೊರಗೆ ಹೋದ ನಾಯಿಗೆ ಅಪಾಯ ರಸ್ತೆಯಲ್ಲಿ ಮಾತ್ರ ಇಲ್ಲ. ಕಾಡುಹಂದಿಗೆ ಅಂತ ಕದ್ದು ಇಟ್ಟ ಉರುಳು ಇರುತ್ತದೆ, ಸಿಡಿಮದ್ದು ಇರುತ್ತದೆ. ಕಾಡು ಸುತ್ತಿ ಬಂದ ನಾಯಿ ಮೈತುಂಬ ಉಣುಗು ಹೊತ್ತು ತರುತ್ತದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದು ಹರಡುವುದು ಉಣುಗಿನಿಂದಲೇ. ನಾಯಿ ಹಿತ್ತಲಲ್ಲೇ ಉಳಿದರೆ ಮನೆಯವರಿಗೂ ಒಳ್ಳೆಯದು.

ಬೇಲಿ ಎತ್ತರ ಇದ್ದರೆ ಆಯಿತು ಎಂದು ಜಾಸ್ತಿ ಜನ ಅಂದುಕೊಳ್ಳುತ್ತಾರೆ. ನಮ್ಮ ಕಡೆಯ ನಾಯಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಬುಡದಿಂದ. ಜೂನ್ ಬಂದರೆ ಮಣ್ಣು ಮೆತ್ತಗಾಗುತ್ತದೆ. ಗಟ್ಟಿ ಕಾಲಿನ ನಾಯಿ ಒಂದು ಮಧ್ಯಾಹ್ನದಲ್ಲಿ ತನ್ನ ಮೈ ಹಿಡಿಸುವಷ್ಟು ಅಗೆಯುತ್ತದೆ. ಬುಡಕ್ಕೆ ಕಲ್ಲು ಇಟ್ಟರೆ ಪಕ್ಕದಲ್ಲಿ ಅಗೆಯುತ್ತದೆ. ಅದಕ್ಕೇ ಬೇಲಿಯ ಒಳಬದಿಗೆ, ಎರಡು ಮೂರು ಇಂಚು ಮಣ್ಣಿನ ಕೆಳಗೆ, ಒಂದೂವರೆ ಅಡಿ ಅಗಲದ ಜಾಲರಿಯನ್ನು ನೆಲಕ್ಕೆ ಮಲಗಿಸಿ ಬೇಲಿಯ ತಳಕ್ಕೆ ಬಿಗಿಯುತ್ತೇವೆ. ನಾಯಿ ಅಗೆಯುವುದು ಬೇಲಿಗೆ ಮೂಗು ತಾಗಿಸಿ. ಅಲ್ಲಿ ಉಗುರಿಗೆ ತಂತಿ ಸಿಕ್ಕಿದರೆ ಬಿಟ್ಟುಬಿಡುತ್ತದೆ. ಹಿಂದೆ ಸರಿದು ಒಂದೂವರೆ ಅಡಿ ದೂರದಿಂದ ಸುರಂಗ ತೋಡುವ ನಾಯಿ ಅಪರೂಪ. ಒಂದು ಮಳೆಗಾಲ ಕಳೆದರೆ ಹುಲ್ಲು ಬೆಳೆದು ಬೇರು ಜಾಲರಿಯನ್ನು ಹಿಡಿದುಕೊಳ್ಳುತ್ತದೆ. ಮಣ್ಣಿನೊಳಗಿನ ತೇವಕ್ಕೆ ತೆಳು ತಂತಿ ಬೇಗ ತುಕ್ಕು ಹಿಡಿಯುವುದರಿಂದ ಅಲ್ಲಿಗೆ ಪ್ಲಾಸ್ಟಿಕ್ ಲೇಪದ ಜಾಲರಿಯನ್ನೇ ಬಳಸುತ್ತೇವೆ.

ಮೇಲಿನ ಬೇಲಿಗೆ ಹೆಣೆದ ತಂತಿಯ ಜಾಲರಿ, ಅಂದರೆ 10 ಅಥವಾ 12 ಗೇಜಿನ ಚೈನ್‌ಲಿಂಕ್. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ. 14 ಗೇಜ್ ಅಗ್ಗ, ಆದರೆ ಹಲ್ಲು ಹಾಕುವ ನಾಯಿಗೆ ಬೇಡ. ಮರಿ ಇದ್ದರೆ ಎರಡು ಇಂಚಿನ ಕಣ್ಣು ಇರಲಿ. ಮೂರು ನಾಲ್ಕು ಇಂಚಿನ ಕಣ್ಣಿನಲ್ಲಿ ಮರಿ ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ.

ಜಾಗ ನೋಡದೆ ದರ ಹೇಳದಿರಲು ಮುಖ್ಯ ಕಾರಣ ನಮ್ಮ ಊರುಗಳ ಇಳಿಜಾರು. ಹಿತ್ತಲ ಹಿಂದೆ ಧರೆ (ಕಡಿದಾದ ಮಣ್ಣಿನ ದಿಬ್ಬ) ಇಲ್ಲದ ಮನೆ ಎಲ್ಲಿದೆ ಹೇಳಿ? ಕೆಳಗಿನಿಂದ ಅಳೆದರೆ ಬೇಲಿ ಐದಡಿ. ಧರೆಯ ಮೇಲೆ ನಿಂತ ನಾಯಿಗೆ ಅದು ಎರಡೇ ಅಡಿ, ಒಂದು ಹಾರಿಗೆ ಆಚೆ. ಬೇಲಿಗೆ ತಾಗಿಸಿ ಪೇರಿಸಿದ ಸೌದೆಯೂ, ತೆಂಗಿನ ಸಿಪ್ಪೆಯ ರಾಶಿಯೂ ಹಾಗೆಯೇ. ನಾಯಿಯಿಂದ ನಾಯಿಗೂ ವ್ಯತ್ಯಾಸ ಇದೆ. ಮುಧೋಳ ನಾಯಿ ಓಡಲು, ಹಾರಲು ಹುಟ್ಟಿದ್ದು, ಅದಕ್ಕೆ ಆರಡಿ ಬೇಕು. ಬೀಗಲ್ ವಾಸನೆ ಹಿಡಿದು ಹೊರಡುವ ಜಾತಿ, ಅದಕ್ಕೆ ಬುಡ ಗಟ್ಟಿ ಇರಬೇಕು. ಹೆಣ್ಣುನಾಯಿ ಬೆದೆಗೆ ಬಂದಾಗ ಬೇಲಿಯನ್ನು ಹೊರಗಿನಿಂದ ಮುರಿಯುವವರೇ ಬೇರೆ! ಅಂಥ ಮನೆಗೆ ಹೊರಬದಿಗೂ ಜಾಲರಿ ಹಾಸಬೇಕಾಗುತ್ತದೆ.

ಗೇಟಿನ ಕೆಳಗೆ ಎರಡು ಇಂಚಿಗಿಂತ ಹೆಚ್ಚು ಸಂದಿ ಬಿಡುವುದಿಲ್ಲ, ಅಡಿಯಲ್ಲಿ ಸಿಮೆಂಟ್ ಪಟ್ಟಿ ಹಾಕುತ್ತೇವೆ. ಎತ್ತಿ ಬೀಳಿಸುವ ಕೊಂಡಿಯನ್ನು ಕೆಲವು ನಾಯಿಗಳು ಮೂತಿಯಿಂದಲೇ ಎತ್ತುತ್ತವೆ, ಆದ್ದರಿಂದ ಅಡ್ಡ ಸರಿಸುವ ಚಿಲಕ. ಮಳೆನೀರಿನ ಕಾಲುವೆ ಬೇಲಿ ದಾಟುವ ಜಾಗವೇ ಎಲ್ಲಕ್ಕಿಂತ ಕಷ್ಟದ್ದು. ತೆರೆದು ಬಿಟ್ಟರೆ ನಾಯಿ ಹೋಗುತ್ತದೆ. ಸಣ್ಣ ಜಾಲರಿ ಕಟ್ಟಿದರೆ ದರಗು (ಒಣಗಿದ ಎಲೆ) ಸೇರಿ ನೀರು ಅಂಗಳಕ್ಕೆ ನುಗ್ಗುತ್ತದೆ. ಅಲ್ಲಿಗೆ ಎತ್ತಿ ಕಸ ತೆಗೆಯುವ ಹಾಗೆ ಕಬ್ಬಿಣದ ಸರಳಿನ ಚೌಕಟ್ಟು ಮಾಡಿಸಿ ಕೂರಿಸುತ್ತೇವೆ.

ಬೇಲಿಗೆ ಮನೆಯ ಲೈನಿನಿಂದ ಕರೆಂಟ್ ಕೊಡಿ ಎಂದು ಕೇಳುವವರಿದ್ದಾರೆ. ಅದನ್ನು ಎಷ್ಟು ದುಡ್ಡಿಗೂ ಮಾಡುವುದಿಲ್ಲ. ಅದು ಕಾನೂನಿಗೆ ವಿರುದ್ಧ, ನಾಯಿಯೋ ಪಕ್ಕದ ಮನೆಯ ಮಗುವೋ ಮುಟ್ಟಿದರೆ ಜೀವ ಹೋಗುತ್ತದೆ.

ಇನ್ನೊಂದು ಮಾತನ್ನು ಎಲ್ಲರಿಗೂ ಮೊದಲೇ ಹೇಳುತ್ತಿದ್ದೇವೆ. ನಮ್ಮ ಬೇಲಿ ಚಿರತೆಯನ್ನು ತಡೆಯುವುದಿಲ್ಲ. ಆರಡಿ ಚೈನ್‌ಲಿಂಕ್ ಅದಕ್ಕೆ ಲೆಕ್ಕಕ್ಕಿಲ್ಲ, ನಾಯಿ ಅದಕ್ಕೆ ಸುಲಭದ ಬೇಟೆ. ಕಾಡಂಚಿನ ಮನೆಯಾದರೆ ಕತ್ತಲಾದ ಮೇಲೆ ನಾಯಿ ಒಳಗಿರಲಿ, ಇಲ್ಲವೇ ಮೇಲೂ ಸರಳು ಇರುವ ಗಟ್ಟಿ ಗೂಡಿನಲ್ಲಿರಲಿ. ರಾತ್ರಿ ಹೊರಗೆ ಸರಪಳಿಯಲ್ಲಿ ಕಟ್ಟಲೇಬೇಡಿ, ದಯವಿಟ್ಟು. ಓಡಿ ಉಳಿಯುವ ಅವಕಾಶವೂ ಅದಕ್ಕಿರುವುದಿಲ್ಲ. ದೀಪಾವಳಿಯ ಪಟಾಕಿಗೆ ಬೆದರಿದ ನಾಯಿಯೂ ಯಾವ ಬೇಲಿಯನ್ನೂ ಲೆಕ್ಕಿಸದೆ ಹಾರುತ್ತದೆ. ಆ ಮೂರು ದಿನ ಸಂಜೆ ಮನೆಯೊಳಗೇ ಇಟ್ಟುಕೊಳ್ಳಿ.

ಈಗ ಖರ್ಚು. ನೂರು ಅಡಿ ಬೇಲಿಗೆ ಬುಡದ ಹಾಸು ಸೇರಿದರೆ 150 ಚದರಡಿ ಜಾಲರಿ ಜಾಸ್ತಿ ಬೇಕು, ಅಗೆದು ಮುಚ್ಚುವ ಕೂಲಿ ಬೇರೆ. ಏರುವ ಹಣ ಇಷ್ಟಕ್ಕೇ. ಬುಡದ ಹಾಸಿನ ಲೆಕ್ಕವನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆದು ಕೊಡುತ್ತೇವೆ. ಜಾಗ ನೋಡಲು ಬರುವುದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಮುಂಗಡ ಕೊಟ್ಟಿರುವವರಿಗೆ ಹಳೆಯ ದರವೇ ನಡೆಯುತ್ತದೆ. ಹಿಂದೆ ನಮ್ಮಿಂದ ಬೇಲಿ ಹಾಕಿಸಿದ್ದು ಈಗ ನಾಯಿ ತಂದಿರುವವರು ತಿಳಿಸಿದರೆ, ಕಂಬ ಕೀಳದೆ ಬುಡದ ಕೆಲಸವನ್ನಷ್ಟೇ ಮಾಡಿಕೊಡುತ್ತೇವೆ. ದನಕ್ಕೆ, ತೋಟಕ್ಕೆ ಹಾಕುವ ಬೇಲಿಯಲ್ಲಿ ಏನೂ ಬದಲಾಗಿಲ್ಲ.

ಅಳತೆಗೆ ಬರುವ ದಿನ ನಾಯಿಯನ್ನು ಕಟ್ಟಿ ಹಾಕದೆ ಹಿತ್ತಲಲ್ಲಿ ನಿಮ್ಮ ಜೊತೆಗೇ ಓಡಾಡಲು ಬಿಡಿ. ಅದು ಯಾವ ಮೂಲೆಗೆ ಹೋಗುತ್ತದೆ, ಎಲ್ಲಿ ಮೂಸುತ್ತದೆ, ಎಲ್ಲಿ ಕಾಲು ಹಾಕುತ್ತದೆ ಎಂದು ನೋಡಿ ಅಲ್ಲಿಗೆ ಗುರುತು ಹಾಕಿಕೊಳ್ಳುತ್ತೇವೆ. ಕಚ್ಚುವ ಸ್ವಭಾವ ಇದ್ದರೆ ಫೋನಿನಲ್ಲೇ ಹೇಳಿ, ಹುಚ್ಚುನಾಯಿ ರೋಗದ ಲಸಿಕೆಯ ಚೀಟಿಯನ್ನೂ ತೆಗೆದಿಟ್ಟಿರಿ.

ಇಂತಿ ನಿಮ್ಮ,
ಬೇಲಿ ಕೆಲಸದ ಬಳಗ